ಹೊಸ ಕಂಪ್ಯೂಟರ್‌ಗೆ ಕನ್ನಡ ಹಾಕುವವರಿಗೆ

ತುಮಕೂರಿನಲ್ಲಿ ನನ್ನದೊಂದು ಡಿಟಿಪಿ ಅಂಗಡಿ. ಮದುವೆ ಪತ್ರಿಕೆ, ಜಾತ್ರೆ ಕರಪತ್ರ, ಸಹಕಾರ ಸಂಘದ ವಾರ್ಷಿಕ ವರದಿ, ಇವೇ ದಿನದ ಕೆಲಸ. ಲ್ಯಾಪ್‌ಟಾಪ್ ಕೊಂಡವರು ಬಂದು "ಅಣ್ಣ, ಕನ್ನಡ ಹಾಕಿಕೊಡಿ" ಅಂತಾರೆ. ಎಲ್ಲರಿಗೂ ನನ್ನ ಮಾತು ಒಂದೇ: ಕೀಬೋರ್ಡ್ ಕಗಪ (ಕನ್ನಡ ಗಣಕ ಪರಿಷತ್ತಿನ ಕೀಲಿ ವಿನ್ಯಾಸ) ಇರಲಿ, ಅಕ್ಷರ ಯುನಿಕೋಡ್‌ನಲ್ಲಿರಲಿ. ಯುನಿಕೋಡ್ ಅಂದರೆ ಪ್ರತಿ ಅಕ್ಷರಕ್ಕೂ ಎಲ್ಲ ಕಂಪ್ಯೂಟರ್‌ಗಳಲ್ಲೂ ಒಂದೇ ಸಂಖ್ಯೆ ಇರುವ ಏರ್ಪಾಡು.

ವಿಂಡೋಸ್ ಆದರೆ ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶ ಹಾಕಿಕೊಳ್ಳಿ, ಉಚಿತವಾಗಿ ಸಿಗುತ್ತದೆ. ಒಳಗೆ ಯುನಿಕೋಡ್ ಆಯ್ಕೆ ಮಾಡಲು ಮರೆಯಬೇಡಿ. ಉಬುಂಟು ಆದರೆ ಐಬಸ್-ಎಂ17ಎನ್ ಎಂಬ ಟೈಪಿಂಗ್ ತಂತ್ರಾಂಶ ಹಾಕಿ, ಲಾಗ್‌ಔಟ್ ಆಗಿ ಬನ್ನಿ. ಕೀಬೋರ್ಡ್ ಪಟ್ಟಿಯಲ್ಲಿ ಕನ್ನಡದ ಕೆಜಿಪಿ, ಅಂದರೆ ಕಗಪ, ಸಿಗುತ್ತದೆ.

ಕಗಪದ ಮೂಲ ವಿನ್ಯಾಸ ಕಂಪ್ಯೂಟರ್‌ಗೆ ಕನ್ನಡ ತಂದವರಲ್ಲಿ ಮೊದಲಿಗರಾದ ಕೆ.ಪಿ. ರಾವ್ ಅವರದು. ನನಗೆ ಇದು ಇಷ್ಟವಾಗುವುದು ಕನ್ನಡದ ಲೆಕ್ಕದಲ್ಲೇ ನಡೆಯುವುದರಿಂದ. ವ್ಯಂಜನ ಒತ್ತಿದರೆ ಅಕಾರ ಸೇರಿಯೇ ಬರುತ್ತದೆ. ಒತ್ತಕ್ಷರ ಬೇಕಾದಾಗ ನಡುವೆ ಎಫ್. 'ಕನ್ನಡ' ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯೂ. ಐದೇ ಕೀ. ಇಂಗ್ಲಿಷ್ ಉಚ್ಚಾರದಲ್ಲಿ ಟೈಪ್ ಮಾಡಿದರೆ ಏಳು ಕೀ, ಜೊತೆಗೆ ದೊಡ್ಡ ಡಿಗೆ ಶಿಫ್ಟ್ ಬೇರೆ. ಟ ಇರುವುದು ಕ್ಯೂನಲ್ಲಿ, ಡ ಇರುವುದು ಡಬ್ಲ್ಯೂನಲ್ಲಿ. ಮೊದಮೊದಲು ತಡಕಾಡುತ್ತೀರಿ, ಆಮೇಲೆ ಬೆರಳೇ ಕಲಿತುಬಿಡುತ್ತದೆ. ದಿನಕ್ಕೆ ಹತ್ತು ಪುಟ ಹೊಡೆಯುವವರಿಗೆ ಇದು ಸಣ್ಣ ಉಳಿತಾಯ ಅಲ್ಲ.

ಇನ್ನು ಹಳೆಯ ಫೈಲ್‌ಗಳು. ಕಷ್ಟ ಇರುವುದೇ ಇಲ್ಲಿ. ಹಳೆಯ ನುಡಿ ಫಾಂಟ್‌ಗಳಲ್ಲಿ ಬರೆದದ್ದು ಒಳಗೆ ಕನ್ನಡವೇ ಅಲ್ಲ, ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳಿಗೆ ಕನ್ನಡದ ಚಿತ್ರ ತೊಡಿಸಿದ್ದು. ಆ ಫಾಂಟ್ ಇಲ್ಲದ ಕಡೆ ತೆರೆದರೆ ಏನೇನೋ ಗೀಚಿದ ಹಾಗೆ ಕಾಣುತ್ತದೆ. ಹುಡುಕಿದರೂ ಪದ ಸಿಗುವುದಿಲ್ಲ. ಯುನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿದೆ. ಸಂಘದ ಬೈಲಾ, ಊರಿನ ಇತಿಹಾಸ, ಅಜ್ಜನ ಲೆಕ್ಕದ ಪುಸ್ತಕ ಇನ್ನೂ ಹಳೆಯ ಫಾಂಟ್‌ನಲ್ಲೇ ಉಳಿದಿವೆ ಅಂದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ದಯವಿಟ್ಟು ಬದಲಿಸಿಡಿ.

ಅದಕ್ಕೆ ಉಚಿತ ಕನ್ವರ್ಟರ್‌ಗಳಿವೆ. ಮೊದಲು ಮೂಲ ಫೈಲ್‌ನ ಪ್ರತಿ ಇಟ್ಟುಕೊಳ್ಳಿ. ಬದಲಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನೇ ಹುಡುಕಿ ನೋಡಿ: ಸೂರ್ಯ, ಕಾರ್ಯದರ್ಶಿ, ಕರ್ನಾಟಕ. ಹಳೆಯ ಫಾಂಟ್‌ನಲ್ಲಿ ಅರ್ಕಾವತ್ತು ಅಕ್ಷರದ ಆಮೇಲೆ ಕೂರುತ್ತಿತ್ತು. ಯುನಿಕೋಡ್‌ನಲ್ಲಿ ನಾವು ಉಚ್ಚರಿಸುವ ಹಾಗೆ ರಕಾರವೇ ಮೊದಲು. ಕನ್ವರ್ಟರ್ ಇವನ್ನು ಹಿಂದುಮುಂದು ಮಾಡಬೇಕು, ಎಡವಿದರೆ ಇಲ್ಲೇ ಎಡವುತ್ತದೆ. ಹೆಸರುಗಳನ್ನಂತೂ ಒಂದೊಂದಾಗಿ ಓದಿ. ಲಗ್ನಪತ್ರಿಕೆಯಲ್ಲಿ ಬೀಗರ ಹೆಸರು ಕೆಡಬಾರದು, ಅಲ್ವಾ?

ಫಾಂಟ್ ವಿಷಯ ಬೇಗ ಮುಗಿಸುತ್ತೇನೆ. ಓದುವ ಪುಟಕ್ಕೆ ನೋಟೊ ಸೆರಿಫ್ ಕನ್ನಡ, ತಲೆಬರಹಕ್ಕೆ ಬಾಲೂ ತಮ್ಮ. ಎರಡೂ ಉಚಿತ. ಪುಟ ಜೋಡಿಸುವ ಹಳೆಯ ತಂತ್ರಾಂಶ ಪೇಜ್‌ಮೇಕರ್‌ನಲ್ಲಿ ಯುನಿಕೋಡ್ ಕನ್ನಡ ನಡೆಯುವುದಿಲ್ಲ, ಅದನ್ನು ಬಿಟ್ಟುಬಿಡಿ. ಇನ್‌ಡಿಸೈನ್‌ನಲ್ಲಿ ಒತ್ತಕ್ಷರ ಬಿಡಿಬಿಡಿಯಾಗಿ ಕಂಡರೆ ಪ್ಯಾರಾಗ್ರಾಫ್ ಮೆನುವಿನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆಯ್ಕೆ ಮಾಡಿ, ಸರಿಹೋಗುತ್ತದೆ.

ಪ್ರೆಸ್‌ಗೆ ಪಿಡಿಎಫ್ ಕಳಿಸಿ, ಆದರೆ ಯುನಿಕೋಡ್ ಫೈಲನ್ನು ಇಮೇಲ್‌ನಲ್ಲೂ ಒಂದು ಪ್ರತಿ ಇಡಿ. ಮುಂದಿನ ವರ್ಷದ ಜಾತ್ರೆಗೆ ತಾರೀಖು ಬದಲಿಸಿದರೆ ಸಾಕಾಗುತ್ತದೆ.