ಕಡಮತ್ತಿನ ಲಗೂನಿನಲ್ಲಿ ದೈತ್ಯ ಕಪ್ಪೆಚಿಪ್ಪುಗಳ ಎಣಿಕೆ

ದೈತ್ಯ ಕಪ್ಪೆಚಿಪ್ಪುಗಳನ್ನು ಎಣಿಸಲು ನೀರಿಗಿಳಿದಾಗ ನನ್ನ ಕಣ್ಣು ಮೊದಲು ಅರಸುವುದು ಮರಿಗಳನ್ನು. ದೊಡ್ಡವು ಎಷ್ಟೇ ಇರಲಿ, ಐದು ಸೆಂಟಿಮೀಟರಿಗಿಂತ ಚಿಕ್ಕವು ಸಿಗದಿದ್ದರೆ ನನಗೆ ಆತಂಕ. ಈ ಜೀವಿ ಮೊದಲು ಗಂಡಾಗಿ ಬಲಿಯುತ್ತದೆ, ಬೆಳೆದ ಮೇಲೆ ವೀರ್ಯ, ಮೊಟ್ಟೆ ಎರಡನ್ನೂ ನೀರಿಗೆ ಬಿಡುತ್ತದೆ. ಜಾಗ ಬಿಟ್ಟು ಕದಲಲಾರದ ಪ್ರಾಣಿಯಾದ್ದರಿಂದ, ಹತ್ತಿರದಲ್ಲಿ ತನ್ನಂಥ ಇನ್ನೊಂದು ಇಲ್ಲದಿದ್ದರೆ ಅದೆಲ್ಲ ವ್ಯರ್ಥ.

ನಾನು ಕೆಲಸ ಮಾಡಿದ್ದು ಲಕ್ಷದ್ವೀಪದ ಕಡಮತ್ ದ್ವೀಪದ ಲಗೂನಿನಲ್ಲಿ, ಅಂದರೆ ಹವಳದ ದಿಬ್ಬದ ಒಳಬದಿಯ ಆಳವಿಲ್ಲದ ಕಡಲಿನಲ್ಲಿ. 1956ರವರೆಗೆ ಈ ದ್ವೀಪ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿತ್ತು ಎಂಬುದು ಕರಾವಳಿಯವರಲ್ಲೂ ಹಲವರಿಗೆ ತಿಳಿದಿಲ್ಲ. ಅಲ್ಲಿ ಹುಡುಕುವುದು ಎರಡು ಪ್ರಭೇದಗಳನ್ನು. ಟ್ರೈಡಾಕ್ನಾ ಮ್ಯಾಕ್ಸಿಮಾ ಹವಳದ ಬಂಡೆಯೊಳಗೆ ಹುದುಗಿರುತ್ತದೆ. ಟ್ರೈಡಾಕ್ನಾ ಸ್ಕ್ವಾಮೋಸಾದ ಚಿಪ್ಪಿನ ಮೇಲೆ ಹೆಂಚು ಹೊದಿಸಿದಂತೆ ಅಗಲ ಪದರಗಳು. ಎರಡಕ್ಕೂ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಅನುಮತಿಪತ್ರ ಕೈಗೆ ಬಂದ ಮೇಲೆಯೇ ಕೆಲಸ; ಯಾವುದನ್ನೂ ಕೀಳುವಂತಿಲ್ಲ.

ಎಲ್ಲಿ ಎಣಿಸಬೇಕೆಂಬುದನ್ನು ದಡದಲ್ಲೇ, ನಕ್ಷೆಯ ಮೇಲೆ ಚೀಟಿ ಎತ್ತಿ ನಿರ್ಧರಿಸುತ್ತೇನೆ. ನೀರಿಗಿಳಿದ ಮೇಲೆ ಆರಿಸಿದರೆ ಕಾಲು ತಾನಾಗಿಯೇ ಚಿಪ್ಪು ಹೆಚ್ಚಿರುವ ಕಡೆ ಹೋಗುತ್ತದೆ. ಐವತ್ತು ಮೀಟರ್ ಟೇಪು ಹಾಸಿ, ಎರಡೂ ಬದಿಗೆ ಒಂದೊಂದು ಮೀಟರ್ ನೋಡಿದರೆ ನೂರು ಚದರ ಮೀಟರಿನ ಒಂದು ಪಟ್ಟಿ ಆಯಿತು. ಸೂರ್ಯನಿಗೆ ಬೆನ್ನು ಹಾಕಿ ಈಜಬಾರದು. ನೆರಳು ಬಿದ್ದ ಕೂಡಲೇ ಚಿಪ್ಪು ಮುಚ್ಚುತ್ತದೆ. ಚಿಪ್ಪಿನ ಬಾಯಿಂದ ಹೊರಚಾಚಿದ, ನೀಲಿ, ಹಸಿರು, ಕಂದು ಬಣ್ಣದ ಮಾಂಸಲ ಅಂಚು ಒಳಸರಿದರೆ ಉಳಿಯುವುದು ಪಾಚಿ ಹಿಡಿದ ಬರಿಯ ಕಲ್ಲು, ಮರಿಗಳಂತೂ ಕಣ್ಣಿಗೆ ಬೀಳುವುದೇ ಇಲ್ಲ. ಅದಕ್ಕೇ ನನ್ನ ಹಿಂದೆ ಇನ್ನೊಬ್ಬರು ಅದೇ ಪಟ್ಟಿಯನ್ನು ಬೇರೆಯಾಗಿ ಎಣಿಸುತ್ತಾರೆ. ದಡಕ್ಕೆ ಬರುವವರೆಗೆ ಇಬ್ಬರೂ ಸಂಖ್ಯೆ ಹೇಳಿಕೊಳ್ಳುವುದಿಲ್ಲ.

ಪ್ರತಿಯೊಂದರ ಉದ್ದವನ್ನು ಕ್ಯಾಲಿಪರ್ ಹಿಡಿದು ಅಳೆದು, ಆಳ ಮತ್ತು ಅಂಟಿಕೊಂಡಿರುವ ನೆಲೆಯೊಂದಿಗೆ ಪ್ಲಾಸ್ಟಿಕ್ ಹಲಗೆಯ ಮೇಲೆ ಪೆನ್ಸಿಲಿನಿಂದ ಬರೆಯುತ್ತೇನೆ. ಅಂಚಿನ ಬಣ್ಣವನ್ನೂ ಬಿಡುವುದಿಲ್ಲ. ಸಮುದ್ರ ಕಾದಾಗ ಹವಳದಂತೆ ಇವೂ ತಮ್ಮ ಮೈಯೊಳಗೆ ನೆಲೆಸಿ ಬಣ್ಣ ಕೊಡುವ ಸೂಕ್ಷ್ಮ ಪಾಚಿಯನ್ನು ಕಳೆದುಕೊಂಡು ಬಿಳಿಚಿಕೊಳ್ಳುತ್ತವೆ. 1998, 2010, 2016ರಲ್ಲಿ ಈ ದ್ವೀಪಗಳ ಹವಳಕ್ಕೆ ಅದೇ ಆಗಿತ್ತು. ಸತ್ತ ಚಿಪ್ಪುಗಳದು ಬೇರೆ ಕಾಲಂ.

ಒಂದೂ ಸಿಗದ ಪಟ್ಟಿಯನ್ನು ಹಾಳೆಯಿಂದ ಕೈಬಿಡುವವರನ್ನು ನೋಡಿದ್ದೇನೆ, ಅದನ್ನು ನಾನು ಒಪ್ಪುವುದಿಲ್ಲ. ಸೊನ್ನೆಗಳನ್ನು ತೆಗೆದರೆ ಸರಾಸರಿ ಸಾಂದ್ರತೆ ಸುಳ್ಳಾಗಿ ಏರುತ್ತದೆ. ಅಂಥ ಪಟ್ಟಿಗೂ ದಿನಾಂಕ, ಆಳ, ಜಿಪಿಎಸ್ ಗುರುತು ಹಾಕಿ ಸೊನ್ನೆ ಎಂದೇ ಬರೆಯುತ್ತೇನೆ.