ಮಳೆ, ಆನೆ, ದಿಢೀರ್ ರಜೆ: ಮಕ್ಕಳ ದಿಗಿಲಿಗೆ ಮನೆಯಲ್ಲಿ ಏನು ಮಾಡಬೇಕು?

ಆರಿದ್ರಾ ಮಳೆ ಹಿಡಿಯಿತೆಂದರೆ ಸಕಲೇಶಪುರ, ಮೂಡಿಗೆರೆ ಸೀಮೆಯಲ್ಲಿ ನಾಳೆಯ ಮಾತನ್ನು ಯಾರೂ ಖಚಿತವಾಗಿ ಆಡಲಾರರು. ಶಾಲೆಗೆ ರಜೆಯೋ ಅಲ್ಲವೋ ಎಂಬುದು ಹಿಂದಿನ ರಾತ್ರಿಯವರೆಗೂ ತಿಳಿಯುವುದಿಲ್ಲ. ಶಿರಾಡಿಯಲ್ಲಿ ಗುಡ್ಡ ಜರಿದರೆ ಮಂಗಳೂರಿಗೆ ಹೋದವರು ಯಾವ ಹೊತ್ತಿಗೆ ಮನೆ ಸೇರುತ್ತಾರೆಂಬುದೂ ತಿಳಿಯುವುದಿಲ್ಲ. ಇದರ ಮೇಲೆ ತೋಟದಲ್ಲಿ ಕಾಡಾನೆ. ನಮಗೆ ಇದೆಲ್ಲ ಒಗ್ಗಿಹೋಗಿದೆ, ಹಾಗಾಗಿ ಮಕ್ಕಳಿಗೂ ಒಗ್ಗಿರುತ್ತದೆ ಎಂದುಕೊಳ್ಳುತ್ತೇವೆ. ಅದು ನಿಜವಲ್ಲ.

ಮೊದಲು ಗಮನಿಸಬೇಕಾದ್ದು ಮಗುವಿನ ಮಾತನ್ನಲ್ಲ, ಮೈಯನ್ನು. ಹಾಸಿಗೆ ಒದ್ದೆ ಮಾಡುವುದನ್ನು ಬಿಟ್ಟಿದ್ದ ಚಿಕ್ಕ ಮಗು ಮತ್ತೆ ಮಾಡಬಹುದು, ಅಮ್ಮನ ಸೆರಗು ಬಿಡದೆ ಹಿಂದೆಯೇ ಸುತ್ತಬಹುದು. ಶಾಲೆಗೆ ಹೋಗುವ ವಯಸ್ಸಿನವರಿಗೆ ಬೆಳಗಿನ ಹೊತ್ತಿಗೇ ಹೊಟ್ಟೆನೋವು, ತಲೆನೋವು ಬರುತ್ತದೆ. ಭಯದಿಂದ ಹುಟ್ಟಿದ ಹೊಟ್ಟೆನೋವೂ ನಿಜವಾದ ನೋವೇ ಆದ್ದರಿಂದ ‘ನಾಟಕ ಮಾಡಬೇಡ’ ಎಂದು ಗದರುವುದು ಸಲ್ಲದು. ನೋವು ಪದೇ ಪದೇ ಬರುತ್ತಿದ್ದರೆ ವೈದ್ಯರಿಗೂ ಒಮ್ಮೆ ತೋರಿಸಬೇಕು. ಹದಿಹರೆಯದವರಲ್ಲಿ ಭಯವು ಸಿಡುಕಾಗಿಯೋ ಮೌನವಾಗಿಯೋ ಕಾಣಿಸಿಕೊಳ್ಳುತ್ತದೆ.

ಎರಡನೆಯದಾಗಿ, ಸಮಾಧಾನ ಹೇಳುವ ಮುಂಚೆ ಕೇಳಿ. ‘ಆನೆ ವಿಷಯ ನಿಂಗೆ ಏನು ಗೊತ್ತಾಯ್ತು, ಯಾರು ಹೇಳಿದ್ರು?’ ಎಂಬಷ್ಟು ಸಾಕು. ದೊಡ್ಡವರ ಫೋನ್ ಮಾತಿನ ಅರ್ಧವನ್ನು ಕೇಳಿಸಿಕೊಂಡ ಮಗು ಉಳಿದರ್ಧವನ್ನು ತಾನೇ ಕಟ್ಟಿಕೊಂಡಿರುತ್ತದೆ. ಹಾಗೆ ಕಟ್ಟಿಕೊಂಡದ್ದು ನಡೆದದ್ದಕ್ಕಿಂತ ಘೋರವಾಗಿರುವುದುಂಟು.

ಆಮೇಲೆ ಉತ್ತರ. ‘ಏನೂ ಆಗಲ್ಲ, ಸುಮ್ನಿರು’ ಎಂಬುದು ನಮ್ಮ ನಾಲಿಗೆಗೆ ಥಟ್ಟನೆ ಬರುವ ಮಾತು. ನನ್ನ ಮಟ್ಟಿಗೆ ಇದರಷ್ಟು ನಿರುಪಯುಕ್ತವಾದ ಮಾತು ಬೇರೊಂದಿಲ್ಲ. ಪಕ್ಕದ ತೋಟದ ಬೇಲಿ ಮುರಿದು ಬಿದ್ದಿರುವುದನ್ನು ಮಗು ಕಣ್ಣಾರೆ ಕಂಡಿದೆ. ಏನೂ ಆಗುವುದಿಲ್ಲ ಎಂಬ ಆಣೆಗಿಂತ, ಏನಾದರೂ ಆದರೆ ನಾವು ಏನು ಮಾಡುತ್ತೇವೆ ಎಂಬ ವಿವರ ಅದಕ್ಕೆ ಬೇಕು. ‘ಅಪ್ಪ ತೋಟಕ್ಕೆ ಹೋಗೋದು ಬೇಡ’ ಎಂದು ಮಗಳು ಹಟ ಹಿಡಿದರೆ ಹೀಗೆ ಹೇಳಬಹುದು: ‘ಆನೆ ಎಲ್ಲಿದೆ ಅಂತ ಅರಣ್ಯ ಇಲಾಖೆಯವರ ಮೆಸೇಜ್ ಬರುತ್ತಲ್ಲ ಪುಟ್ಟಿ, ಅದನ್ನ ನೋಡ್ಕೊಂಡೇ ಅಪ್ಪ ಹೊರಡೋದು. ನಮ್ಮ ಕಡೆ ಇದೆ ಅಂದ್ರೆ ಹೋಗಲ್ಲ. ಹೋದ್ರೂ ಬೆಳಕು ಹರಿದ ಮೇಲೆ, ಜೊತೆಗೆ ಯಾರಾದ್ರೂ ಇದ್ರೇನೇ.’ ಹೇಳಿದ ಮೇಲೆ ಹಾಗೆಯೇ ನಡೆದುಕೊಳ್ಳಬೇಕು, ಏಕೆಂದರೆ ಅಪ್ಪ ಮರುದಿನವೇ ನಸುಕಿನಲ್ಲಿ ಒಬ್ಬರೇ ಹೊರಟರೆ ಮುಂದಿನ ಯಾವ ಮಾತನ್ನೂ ಆಕೆ ನಂಬುವುದಿಲ್ಲ. ಟಾರ್ಚ್ ಚಾರ್ಜ್ ಮಾಡಿಡುವುದು, ಮುಖ್ಯವಾದ ಫೋನ್ ನಂಬರುಗಳನ್ನು ಪುಸ್ತಕದಲ್ಲಿ ಬರೆದಿಡುವುದು ಮುಂತಾದ ಸಣ್ಣ ಕೆಲಸವೊಂದನ್ನು ಮಗುವಿಗೂ ವಹಿಸಿ. ಬೆಳೆಸಾಲದ ಚಿಂತೆಯನ್ನು ಮಾತ್ರ ಅದರ ಹೆಗಲಿಗೆ ಏರಿಸಬೇಡಿ.

ರಜೆಯಿರಲಿ, ಕರೆಂಟ್ ಇಲ್ಲದಿರಲಿ, ಊಟ, ಸ್ನಾನ, ನಿದ್ರೆಯ ಹೊತ್ತು ತಪ್ಪದಿರಲಿ. 6ರಿಂದ 12 ವರ್ಷದವರಿಗೆ ದಿನಕ್ಕೆ 9ರಿಂದ 12 ಗಂಟೆ, ಹದಿಹರೆಯದವರಿಗೆ 8ರಿಂದ 10 ಗಂಟೆ ನಿದ್ರೆ ಬೇಕು. ಸಂಜೆಯ ದೀಪದ ಬೆಳಕಿಗೆ ಚೌಕಾಬಾರ ಧಾರಾಳವಾಗಿ ಸಾಕು. ಆಟದಲ್ಲಿ ದೊಡ್ಡವರು ಬೇಕೆಂದೇ ಸೋಲುವುದು ಮಕ್ಕಳಿಗೆ ತಿಳಿಯುತ್ತದೆ, ಹಾಗೆ ಮಾಡದಿದ್ದರೆ ಒಳ್ಳೆಯದು.

ಗುಡ್ಡ ಕುಸಿತದ, ಆನೆ ದಾಳಿಯ ವಿಡಿಯೊಗಳನ್ನು ಚಿಕ್ಕ ಮಕ್ಕಳ ಮುಂದೆ ಹಾಕಬೇಡಿ. ಅದೇ ದೃಶ್ಯ ಮತ್ತೆ ಮತ್ತೆ ಬಂದಾಗ, ಪ್ರತಿ ಸಲವೂ ಹೊಸದಾಗಿ ನಡೆಯುತ್ತಿದೆ ಎಂದು ಅವರು ತಿಳಿಯಬಹುದು.

ರಾತ್ರಿ ಬೆಚ್ಚಿ ಎದ್ದ ಮಗುವಿನ ಕೈಯನ್ನು ಅದರ ಹೊಟ್ಟೆಯ ಮೇಲಿರಿಸಿ, ಮೂಗಿನಿಂದ ನಿಧಾನವಾಗಿ ಉಸಿರು ಎಳೆದು, ಎಳೆದುದಕ್ಕಿಂತ ಹೆಚ್ಚು ಹೊತ್ತು ಬಿಡುವಂತೆ ಹೇಳಿ. ನೀವೂ ಜೊತೆಗೆ ಮಾಡಿ. ಉಸಿರು ಬಿಡುವುದು ದೀರ್ಘವಾದಂತೆ ಎದೆಬಡಿತ ಇಳಿಯುತ್ತದೆ.

ನಿದ್ರೆ, ಊಟ, ಓದು ಎರಡು ವಾರ ಕಳೆದರೂ ಸರಿಹೋಗದಿದ್ದರೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಬೇಕು. ಸಾಯುವ ಮಾತು ಬಂದರೆ ಒಂದು ದಿನವೂ ಕಾಯಬಾರದು. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಹಗಲಿರುಳೂ ಉಚಿತವಾಗಿ ಕನ್ನಡದಲ್ಲೇ ಮಾತನಾಡಬಹುದು. ತೊಂದರೆ ಎಂದಿನಿಂದ ಶುರುವಾಯಿತು, ದಿನದ ಯಾವ ಹೊತ್ತಿನಲ್ಲಿ ಹೆಚ್ಚು ಎಂಬುದನ್ನು ಮೊದಲೇ ಗುರುತು ಹಾಕಿಟ್ಟುಕೊಂಡಿದ್ದರೆ ಆಪ್ತಸಮಾಲೋಚಕರಿಗೆ ಸ್ಥಿತಿ ಬೇಗ ಅರ್ಥವಾಗುತ್ತದೆ.