ಕಂಪ್ಯೂಟರಿನಲ್ಲಿ ಬಿಲಿಯರ್ಡ್ಸ್: ಜಾರುವ ಚೆಂಡು, ಉರುಳುವ ಚೆಂಡು

ಬಿಲಿಯರ್ಡ್ಸ್ ಆಟದ ಪ್ರೋಗ್ರಾಂ ಬರೆಯುವಾಗ, ಪರದೆಯ ಪ್ರತಿ ಫ್ರೇಮಿನಲ್ಲೂ (ಒಂದೊಂದು ಚಿತ್ರದಲ್ಲೂ) ಚೆಂಡಿನ ವೇಗವನ್ನು 0.99ರಿಂದ ಗುಣಿಸಿ, ಘರ್ಷಣೆಯ (ಫ್ರಿಕ್ಷನ್) ಲೆಕ್ಕ ಮುಗಿಯಿತು ಎನ್ನುವವರೇ ಹೆಚ್ಚು. ಇದರಲ್ಲಿ ಎರಡು ತೊಂದರೆಗಳಿವೆ. ಸೆಕೆಂಡಿಗೆ ಮೂಡುವ ಫ್ರೇಮುಗಳ ಸಂಖ್ಯೆ ಬದಲಾದರೆ ಚೆಂಡು ಓಡುವ ದೂರವೂ ಬದಲಾಗುತ್ತದೆ. ಜೊತೆಗೆ, ಚೆಂಡಿನ ತಿರುಗುವಿಕೆ ಲೆಕ್ಕಕ್ಕೇ ಬರುವುದಿಲ್ಲ. ಆಟದ ಜೀವವಿರುವುದೇ ತಿರುಗುವಿಕೆಯಲ್ಲಿ.

ಆದ್ದರಿಂದ ಪ್ರತಿ ಚೆಂಡಿಗೂ ಸ್ಥಾನ ಮತ್ತು ವೇಗದ ಜೊತೆಗೆ ಮೂರು ಅಕ್ಷಗಳ ಕೋನವೇಗವನ್ನೂ (ತಿರುಗುವ ವೇಗ) ಇಟ್ಟುಕೊಳ್ಳಿ. ಲೆಕ್ಕವೆಲ್ಲ ಮೀಟರ್, ಕಿಲೋಗ್ರಾಂ, ಸೆಕೆಂಡುಗಳಲ್ಲೇ ನಡೆಯಲಿ. ಪಿಕ್ಸೆಲ್ ಬರುವುದು ಚಿತ್ರ ಬಿಡಿಸುವಾಗ ಮಾತ್ರ. ಪೂಲ್ ಚೆಂಡಿನ ವ್ಯಾಸ 57.15 ಮಿ.ಮೀ., ತೂಕ ಸುಮಾರು 170 ಗ್ರಾಂ. ಮೇಜಿನ ಬಟ್ಟೆಯ ಮೇಲೆ ಜಾರುವಾಗಿನ ಘರ್ಷಣಾಂಕ 0.2, ಉರುಳುವಾಗ 0.01, ಚೆಂಡು ಚೆಂಡಿನ ನಡುವೆ 0.06, ಪುಟಿತದ ಅಂಕ (ಡಿಕ್ಕಿಯ ನಂತರ ದೂರ ಸರಿಯುವ ವೇಗಕ್ಕೂ ಮೊದಲು ಹತ್ತಿರ ಬಂದ ವೇಗಕ್ಕೂ ಇರುವ ಅನುಪಾತ) 0.95. ಆರಂಭಕ್ಕೆ ಇಷ್ಟು ಸಾಕು.

ಜಾರುವಿಕೆ. ಚೆಂಡು ಬಟ್ಟೆಯನ್ನು ಮುಟ್ಟುವ ಬಿಂದುವಿನ ವೇಗವನ್ನು ಮೊದಲು ಕಂಡುಹಿಡಿಯಿರಿ. ಮೇಲ್ಮುಖ ಏಕಮಾನ ವೆಕ್ಟರ್ (ನೇರ ಮೇಲಕ್ಕೆ ತೋರುವ, ಉದ್ದ 1 ಇರುವ ಬಾಣ) ಮತ್ತು ಕೋನವೇಗಗಳ, ಇದೇ ಕ್ರಮದಲ್ಲಿ, ಕ್ರಾಸ್ ಪ್ರಾಡಕ್ಟನ್ನು (ಎರಡಕ್ಕೂ ಲಂಬವಾದ ವೆಕ್ಟರ್ ಕೊಡುವ ಗುಣಾಕಾರ) ತ್ರಿಜ್ಯದಿಂದ ಗುಣಿಸಿ, ಚೆಂಡಿನ ವೇಗಕ್ಕೆ ಕೂಡಿಸಿದರೆ ಅದು ಸಿಗುತ್ತದೆ. ಇದು ಸೊನ್ನೆಯಾಗದಿದ್ದರೆ ಚೆಂಡು ಜಾರುತ್ತಿದೆ ಎಂದರ್ಥ. ಆಗ ಘರ್ಷಣೆ ಎಳೆಯುವುದು ಚೆಂಡು ಸಾಗುವ ದಿಕ್ಕಿಗೆ ವಿರುದ್ಧವಾಗಿ ಅಲ್ಲ, ಈ ಬಿಂದು ಜಾರುವ ದಿಕ್ಕಿಗೆ ವಿರುದ್ಧವಾಗಿ. ಹೆಚ್ಚಿನ ಕೋಡ್ ಎಡವುವುದು ಇಲ್ಲಿಯೇ. ಎರಡು ದಿಕ್ಕುಗಳು ಬೇರೆಯಾದಾಗಲೇ ಚೆಂಡು ಬಾಗಿ ಓಡುತ್ತದೆ. ಆ ದಾರಿ ಪ್ಯಾರಾಬೋಲ ಎಂದು ಫ್ರಾನ್ಸಿನ ಕೊರಿಯೊಲಿಸ್ 1835ರಲ್ಲೇ ತೋರಿಸಿದ್ದ.

ಜಾರುವಾಗ ಸೆಕೆಂಡಿಗೆ ವೇಗ 0.2 × 9.81ರಷ್ಟು (ಘರ್ಷಣಾಂಕ × ಗುರುತ್ವ ವೇಗೋತ್ಕರ್ಷ) ಬದಲಾಗುತ್ತದೆ. ಅದೇ ಘರ್ಷಣೆ ಚೆಂಡನ್ನು ತಿರುಗಿಸುವುದರಿಂದ ಸ್ಪರ್ಶಬಿಂದುವಿನ ಜಾರುವೇಗ ಇದರ ಮೂರೂವರೆ ಪಟ್ಟು ದರದಲ್ಲಿ ಇಳಿಯುತ್ತದೆ. ಲೆಕ್ಕದ ಒಂದು ಹೆಜ್ಜೆಯಲ್ಲಿ (ಒಂದು ಸಣ್ಣ ಕಾಲಾವಧಿಯಲ್ಲಿ) ಇಳಿಯಬೇಕಾದ ಮೊತ್ತ ಉಳಿದಿರುವ ಜಾರುವೇಗಕ್ಕಿಂತ ಹೆಚ್ಚಾದರೆ ಪೂರ್ತಿ ಕಳೆಯಬೇಡಿ. ಕಳೆದರೆ ಚಿಹ್ನೆ ತಿರುಗಿ ಚೆಂಡು ನಿಂತಲ್ಲೇ ನಡುಗುತ್ತದೆ. ಚೆಂಡಿನ ವೇಗದಿಂದ ಜಾರುವೇಗದ 2/7 ಭಾಗ ಕಳೆದು, ಕೋನವೇಗವನ್ನು ಉರುಳುವಿಕೆಗೆ ಹೊಂದಿಸಿಬಿಡಿ. ಆಮೇಲೆ 0.01ರ ಘರ್ಷಣೆ ಸಾಕು. ಲಂಬ ಅಕ್ಷದ ಸ್ಪಿನ್ನನ್ನು ಪ್ರತ್ಯೇಕವಾಗಿ, ನಿಧಾನವಾಗಿ ಇಳಿಸಿ.

ಡಿಕ್ಕಿಯ ಕ್ಷಣ. ಬ್ರೇಕ್ ಹೊಡೆತದ (ಆಟ ಆರಂಭಿಸುವ ಮೊದಲ ಹೊಡೆತ) ಚೆಂಡು ಸೆಕೆಂಡಿಗೆ 10 ಮೀಟರ್ ಓಡುತ್ತಿದ್ದರೆ, 1/60 ಸೆಕೆಂಡಿನಲ್ಲಿ ಸುಮಾರು 17 ಸೆಂ.ಮೀ. ದಾಟಿರುತ್ತದೆ. ಅಂದರೆ ಮೂರು ಚೆಂಡುಗಳಷ್ಟು ಅಗಲ. ಎದುರಿಗಿದ್ದ ಚೆಂಡು ತಾಗದೇ ಉಳಿದೀತು. ಕೇಂದ್ರಗಳ ಅಂತರ ಒಂದು ವ್ಯಾಸವಾಗುವ ಸಮಯವನ್ನು ವರ್ಗಸಮೀಕರಣದಿಂದ ಬಿಡಿಸಿ, ಎರಡು ಉತ್ತರಗಳಲ್ಲಿ ಚಿಕ್ಕದನ್ನು ತೆಗೆದುಕೊಂಡು, ಎಲ್ಲ ಚೆಂಡುಗಳನ್ನೂ ಅಲ್ಲಿಯವರೆಗೆ ಮಾತ್ರ ಸಾಗಿಸಿ.

ಡಿಕ್ಕಿ. ಕೇಂದ್ರಗಳನ್ನು ಸೇರಿಸುವ ರೇಖೆಯ ಮೇಲಿನ ಸಾಪೇಕ್ಷ ವೇಗವನ್ನು 1.95ರಿಂದ (1 + ಪುಟಿತದ ಅಂಕ) ಗುಣಿಸಿ ಅರ್ಧ ಮಾಡಿ. ಬಂದದ್ದನ್ನು ಒಂದು ಚೆಂಡಿನಿಂದ ಕಳೆದು ಇನ್ನೊಂದಕ್ಕೆ ಕೂಡಿಸಿ. ಚೆಂಡುಗಳು ಆಗಲೇ ದೂರ ಸರಿಯುತ್ತಿದ್ದರೆ ಕೈಹಾಕಬೇಡಿ, ಇಲ್ಲವಾದರೆ ಅಂಟಿಕೊಳ್ಳುತ್ತವೆ. ಬಟ್ಟೆಯಿಂದ ಬಂದ ಕೋನವೇಗ ಹಾಗೇ ಉಳಿಯಲಿ; ಉರುಳುತ್ತ ಬಂದ ಬಿಳಿ ಚೆಂಡು ಡಿಕ್ಕಿಯಾದ ಮೇಲೂ ಮುಂದೆ ಸಾಗುವುದು ಅದರಿಂದಲೇ.

ಸೈಡ್ ಸ್ಪಿನ್ ಇದ್ದಾಗ ಎದುರಿನ ಚೆಂಡು ತುಸು ಪಕ್ಕಕ್ಕೆ ಸರಿಯಬೇಕು. ಅದಕ್ಕೆ ಸ್ಪರ್ಶಬಿಂದುವಿನಲ್ಲಿ ಅಡ್ಡ ಆವೇಗವೊಂದನ್ನು (ಇಂಪಲ್ಸ್, ಅಂದರೆ ತೂಕ × ವೇಗದ ಬದಲಾವಣೆ) ಕೊಡಿ: ಕೇಂದ್ರಗಳ ರೇಖೆಯ ಮೇಲಿನ ನೇರ ಆವೇಗದ 0.06 ಭಾಗ, ಅಥವಾ ತೂಕ ಮತ್ತು ಅಡ್ಡ ಜಾರುವೇಗದ ಗುಣಲಬ್ಧದ ಏಳನೇ ಒಂದು ಭಾಗ, ಇವೆರಡರಲ್ಲಿ ಚಿಕ್ಕದು. ಈ ಮಿತಿ ಹಾಕದಿದ್ದರೆ ಘರ್ಷಣೆಯೇ ಸ್ಪಿನ್ನನ್ನು ತಿರುಗುಮುರುಗು ಮಾಡಿಬಿಡುತ್ತದೆ.

ಪರೀಕ್ಷೆ. ಸ್ಪಿನ್ ಇಲ್ಲದ ಚೆಂಡನ್ನು ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಬಿಡಿ. ಅದು ಸುಮಾರು 0.29 ಸೆಕೆಂಡು ಜಾರಿ, 50 ಸೆಂ.ಮೀ. ದಾಟಿ, ಸೆಕೆಂಡಿಗೆ 1.43 ಮೀಟರ್ ವೇಗದಲ್ಲಿ ಉರುಳತೊಡಗಬೇಕು. ಪುಟಿತದ ಅಂಕವನ್ನು 1 ಮಾಡಿ, ಚೆಂಡುಗಳ ನಡುವಿನ ಘರ್ಷಣೆ ತೆಗೆದು, ಉರುಳುವ ಚೆಂಡಿನಿಂದ ನಿಂತಿದ್ದ ಚೆಂಡಿಗೆ ನೇರವಾಗಿ ಹೊಡೆಸಿದರೆ, ಎರಡೂ ಉರುಳತೊಡಗಿದಾಗ ಹೊಡೆದದ್ದಕ್ಕೆ 2/7, ಹೊಡೆಸಿಕೊಂಡದ್ದಕ್ಕೆ 5/7 ಪಾಲು ವೇಗ ಉಳಿಯಬೇಕು. ಲೆಕ್ಕ ತಪ್ಪಿದರೆ ಮೊದಲು ಕ್ರಾಸ್ ಪ್ರಾಡಕ್ಟಿನ ಕ್ರಮ ನೋಡಿ.